‘ಮುಂದಿನ ವರ್ಷ ಖಂಡಿತ ಬರ್ತೀನಿ’ ಎಂದು ಹೇಳಿಬಂದವಳು

ವಿಶ್ವವಿದ್ಯಾಲಯದ ಸೇವಾ ಪ್ರವಾಸ ಮುಗಿಸಿ ಬಂದ ವಿದ್ಯಾರ್ಥಿಗಳು ಆಪ್ತಸಲಹೆಗೆ ಬರುವುದು ನಾಲ್ಕೈದು ವಾರ ಕಳೆದ ಮೇಲೆ. ಬಂದ ವಾರ ಫೋಟೊ ಹಂಚುವ, ತಂಡದ ಟೀ ಶರ್ಟ್ ಹಾಕಿಕೊಂಡು ಓಡಾಡುವ ಸಂಭ್ರಮ ಇರುತ್ತದೆ. ಅದು ಇಳಿದ ಮೇಲೆ ನಿದ್ದೆ ಕೆಡುತ್ತದೆ, ಸ್ನೇಹಿತರ ಹರಟೆ ಸಹಿಸಲಾಗುವುದಿಲ್ಲ, ಊಟದ ತಟ್ಟೆ ಕಂಡರೂ ಅಪರಾಧಿ ಭಾವ. ಬೇರೊಂದು ಸಮಾಜದಲ್ಲಿ ಇದ್ದು ಮನೆಗೆ ಮರಳಿದವರಿಗೆ ಅಲ್ಲಿ ಹೊಂದಿಕೊಳ್ಳುವಾಗಿನದಲ್ಲದೆ ಮನಸ್ಸಿನ ಎರಡನೇ ಕುಸಿತವೊಂದು ಕಾದಿರುತ್ತದೆ ಎಂದು ಸಂಶೋಧಕರಾದ ಗುಲಾಹಾರ್ನ್ ದಂಪತಿ 1963ರಲ್ಲೇ ಬರೆದಿದ್ದರು. ಹಾಗಾಗಿ ಈ ಪ್ರಕರಣ ಹೊಸದೇನಲ್ಲ, ವರ್ಷವೂ ಬರುತ್ತದೆ. ಬರೆಯುತ್ತಿರುವುದು ಇದರಲ್ಲಿ ಕೊಟ್ಟ ಸಲಹೆಗೆ ಸಹೋದ್ಯೋಗಿಗಳಿಂದಲೇ ಆಕ್ಷೇಪ ಬಂದದ್ದರಿಂದ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದೆ.

ಮೂರನೇ ವರ್ಷದ ವಿದ್ಯಾರ್ಥಿನಿ. ಹದಿನಾಲ್ಕು ಜನರ ತಂಡ, ಹತ್ತು ದಿನದ ಪ್ರವಾಸ. ಹೋಗಿ ಬರುವುದಕ್ಕೆ ನಾಲ್ಕು ದಿನ ಕಳೆದರೆ ಉಳಿದದ್ದು ಆರು ದಿನ. ಕೆಲಸ: ಒಂದು ಮಕ್ಕಳ ವಸತಿಗೃಹದ ಗೋಡೆಗೆ ಬಣ್ಣ ಬಳಿಯುವುದು, ಸಂಜೆ ಮಕ್ಕಳಿಗೆ ಪಾಠ, ಆಟ. ಕೊನೆಯ ರಾತ್ರಿ ಎಲ್ಲರೂ ವೃತ್ತವಾಗಿ ಕೂತು ಅನುಭವ ಹಂಚಿಕೊಂಡಿದ್ದಾರೆ, ಅತ್ತಿದ್ದಾರೆ. ಆ ಹೊತ್ತಿನಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ‘ಮತ್ತೆ ಯಾವಾಗ ಬರ್ತೀಯ?’ ಎಂದು ಕೇಳಿದಾಗ ಇವಳ ಬಾಯಿಂದ ಬಂದ ಮಾತೇ ಮೇಲಿನ ಶೀರ್ಷಿಕೆ.

ಮೊದಲ ಎರಡು ಭೇಟಿ ಪ್ರಾಥಮಿಕ ವಿಚಾರಣೆಗೇ ಹೋಯಿತು. ನಿದ್ದೆ ಎಷ್ಟು ಗಂಟೆ, ಊಟ ಹೇಗಿದೆ, ತರಗತಿ ಎಷ್ಟು ತಪ್ಪಿದೆ, ಬದುಕು ಬೇಡವೆನಿಸುತ್ತಿದೆಯೇ. ಕೊನೆಯದಕ್ಕೆ ‘ಇಲ್ಲ ಮೇಡಂ’ ಎಂಬ ಉತ್ತರ ಸ್ಪಷ್ಟವಾಗಿತ್ತು. ರಾತ್ರಿ ಎರಡರವರೆಗೆ ಪ್ರವಾಸದ ಫೋಟೊ ನೋಡುತ್ತಾಳೆ. ವಸತಿಗೃಹದ ಆಯಾ ಫೋನಿನಿಂದ ಮಗುವಿನ ಧ್ವನಿ ಸಂದೇಶ ಮೊದಲು ದಿನವೂ ಬರುತ್ತಿತ್ತು, ಆಮೇಲೆ ವಾರಕ್ಕೊಂದು, ಈಗ ನಿಂತಿದೆ. ಕೈಖರ್ಚಿನ ಹಣ ಉಳಿಸಿ ಎರಡು ಸಲ ಆ ಆಯಾಗೇ ಕಳಿಸಿದ್ದಾಳೆ. ಇದು ಮನೆಯಲ್ಲಿ ಗೊತ್ತಿಲ್ಲ.

ಮೂರನೇ ಭೇಟಿಯಲ್ಲಿ ಅವಳು ಕೂರುವ ಮೊದಲೇ ಫೋನನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿಸಿದಳು. ಅದೇ ಗೋಡೆ. ಇವರು ಬಳಿದಿದ್ದ ಹಳದಿಯ ಮೇಲೆ ಇನ್ನೊಂದು ವಿಶ್ವವಿದ್ಯಾಲಯದ ತಂಡ ಆಕಾಶನೀಲಿ ಬಳಿದಿತ್ತು. ಗೋಡೆಯ ಮುಂದೆ ನೀಲಿ ಟೀ ಶರ್ಟಿನ ಸಾಲು. ನಡುವೆ ಕೂತ ಹುಡುಗನೊಬ್ಬನ ಮಡಿಲಲ್ಲಿ ಆ ಒಂಬತ್ತರ ಹುಡುಗಿ, ಕೈ ಅವನ ಕುತ್ತಿಗೆಗೆ.

“ನನ್ನ ಜೊತೆ ಕೂತಿದ್ದಳಲ್ಲ, ಹಾಗೇ ಕೂತಿದ್ದಾಳೆ ಮೇಡಂ. ತಲೆ ಓರೆ ಮಾಡೋದೂ ಹಾಗೇ.”

ನಾನು ಮಾತಾಡಲಿಲ್ಲ. ಇಂಥ ಕಡೆ ಸಮಾಧಾನ ಹೇಳಲು ಬಾಯಿ ತುದಿಗೆ ಬರುತ್ತದೆ, ತಡೆಯಬೇಕು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದಳು: “ಅವಳು ಅಳ್ತಿರಬೇಕು ಅಂತ ನಾನಿಲ್ಲಿ ನಿದ್ದೆಗೆಟ್ಟೆ. ಅವಳು ಅಳ್ತಿಲ್ಲ. ಅದಕ್ಕೆ ಖುಷಿ ಆಗಬೇಕಿತ್ತು. ಹೊಟ್ಟೆಕಿಚ್ಚಾಯ್ತು.”

ಈ ಒಂದು ಮಾತಿಗಾಗಿ ಎರಡು ಭೇಟಿ ಕಾದದ್ದು ಸಾರ್ಥಕ. ಅಲ್ಲಿಯವರೆಗೆ ಅವಳು ಹೇಳುತ್ತಿದ್ದದ್ದು ಮಗುವಿನ ಸಂಕಟ; ಈಗ ಹೊರಬಿದ್ದದ್ದು ತನ್ನದು. ಹೊಟ್ಟೆಕಿಚ್ಚನ್ನು ತಪ್ಪು ಎನ್ನಲೂ ಇಲ್ಲ, ಸಹಜ ಎಂದು ತೇಲಿಸಲೂ ಇಲ್ಲ. ಬದಲಿಗೆ ಗೋಡೆಯ ಬಗ್ಗೆ ಕೇಳಿದೆ. “ಎರಡೇ ತಿಂಗಳಲ್ಲಿ ಮತ್ತೆ ಬಣ್ಣ ಯಾಕೆ ಬೇಕಾಯ್ತು?”

ಅವಳಿಗೆ ಗೊತ್ತಿತ್ತು. ಗೋಡೆಯ ಬುಡದಲ್ಲಿ ಮೊಣಕಾಲೆತ್ತರದವರೆಗೆ ತೇವ, ಬಿಳಿ ಪುಡಿಯಂತೆ ಉಪ್ಪು ಎದ್ದಿತ್ತು. ಮಾಳಿಗೆಯ ನೀರಿನ ಕೊಳವೆ ಗೋಡೆಯ ಪಕ್ಕವೇ ನೆಲಕ್ಕೆ ಸುರಿಯುತ್ತಿತ್ತು. ಗಾರೆ ಕೆಲಸದವರೊಬ್ಬರು ಎರಡನೇ ದಿನವೇ ಬಂದು, ಮೊದಲು ಕೊಳವೆಯನ್ನು ದೂರಕ್ಕೆ ತಿರುಗಿಸಿ, ಆ ಗಾರೆ ಕೆತ್ತಿ ತೆಗೆಯಿರಿ, ಗೋಡೆ ವಾರಗಟ್ಟಲೆ ಒಣಗಲಿ, ಆಮೇಲೆ ಪ್ರೈಮರ್, ಆಮೇಲೆ ಬಣ್ಣ ಎಂದಿದ್ದರು. ಒಣಗಲು ಬಿಡುವಷ್ಟು ದಿನ ತಂಡದ ಬಳಿ ಇರಲಿಲ್ಲ. ಒದ್ದೆ ಗೋಡೆಗೇ ಎರಡು ಕೋಟ್ ಹೊಡೆದರು. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಬಣ್ಣ ಗುಳ್ಳೆ ಎದ್ದು ಹಾಳೆಯಂತೆ ಕಳಚಿತು. ಹೊಸ ತಂಡವೂ ಅದರ ಮೇಲೇ ಬಳಿದಿದೆ. ಫೋಟೊದಲ್ಲಿ ಕೊಳವೆ ಅಲ್ಲೇ ಇತ್ತು, ಅವಳೇ ಬೆರಳಿಟ್ಟು ತೋರಿಸಿದಳು.

“ಗೋಡೆಗಾಗಿ ನಾವು ಹೋಗಿದ್ದಲ್ಲ, ಅಲ್ವಾ? ನಮಗಾಗಿ ಗೋಡೆ ಇತ್ತು.”

ಮಗುವಿನ ಬಗ್ಗೆ ನಾನು ಬಹಳ ಜಾಗ್ರತೆಯಿಂದ ಮಾತಾಡಿದೆ. ನೋಡದ ಮಗುವಿಗೆ ಫೋಟೊ ನೋಡಿ ಇಂಥ ತೊಂದರೆ ಎಂದು ಹೆಸರಿಡುವುದು ವೈದ್ಯವೂ ಅಲ್ಲ, ಆಪ್ತಸಲಹೆಯೂ ಅಲ್ಲ. ಆದರೆ ಸಂಸ್ಥೆಗಳಲ್ಲಿ ಬೆಳೆಯುವ ಕೆಲವು ಮಕ್ಕಳು ಮೊದಲ ಭೇಟಿಯಲ್ಲೇ ಅಪರಿಚಿತರ ಮಡಿಲೇರುತ್ತಾರೆ. ಬಂದವರು ಅದನ್ನು ‘ನನ್ನನ್ನು ಎಷ್ಟು ಹಚ್ಚಿಕೊಂಡಳು’ ಎಂದು ಓದಿಕೊಳ್ಳುತ್ತಾರೆ. ಮಗುವಿಗೆ ಬೇಕಾದದ್ದು ಬದಲಾಗದೆ ಉಳಿಯುವ ಒಬ್ಬಿಬ್ಬರು ಎಂಬುದನ್ನು ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ಟ ವರದಿಯಿಂದ ಹಿಡಿದು ತಜ್ಞರು ಹೇಳುತ್ತಲೇ ಬಂದಿದ್ದಾರೆ. ಅನಾಥಾಲಯಗಳಲ್ಲಿ ಸ್ವಯಂಸೇವೆಯ ಕಾರ್ಯಕ್ರಮಗಳಿಂದ, ಪ್ರವಾಸದ ಹೆಸರಿನಲ್ಲಿ ನಡೆಯುವವೂ ಸೇರಿ, ಮಕ್ಕಳಿಗೆ ಆಗುವ ಹಾನಿಯ ಬಗ್ಗೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2019ರ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಆತಂಕ ದಾಖಲಿಸಿದೆ. ಇಷ್ಟಾದರೂ ಪ್ರವಾಸದ ಕರಪತ್ರದ ಮುಖಪುಟದಲ್ಲಿ ಮಗುವಿನ ನಗುವೇ ಇರುತ್ತದೆ!

ಕೊಟ್ಟ ಸಲಹೆ ಇದು. ಮುಂದಿನ ವರ್ಷ ಆ ವಸತಿಗೃಹಕ್ಕೆ ಹೋಗಬೇಡಿ. ಮಾತು ಕೊಟ್ಟಿದ್ದೀರಿ, ನಿಜ. ಹತ್ತು ದಿನ ಹೋಗಿ ಇನ್ನೊಂದು ಸಲ ಬಿಟ್ಟುಬಂದರೆ ಆ ಮಾತು ತೀರುವುದಿಲ್ಲ, ಬೆಳೆಯುತ್ತದೆ. ಹೋಗುವುದಿಲ್ಲ ಎಂಬುದನ್ನು ಮಗುವಿಗೆ ತಿಳಿಸಿ, ಆದರೆ ಆಯಾ ಫೋನಿಗೆ ನೇರವಾಗಿ ಅಲ್ಲ. ವಸತಿಗೃಹದ ಮೇಲ್ವಿಚಾರಕರನ್ನು ಕೇಳಿ, ಅವರು ಒಪ್ಪಿದರೆ, ಅವರ ಮೂಲಕ, ಒಂದೇ ಸಲ.

ಆ ಸಂದೇಶವನ್ನು ಇಬ್ಬರೂ ಕೂತು ಬರೆದೆವು. ನಾಲ್ಕು ಸಾಲಿಗೆ ನಲವತ್ತು ನಿಮಿಷ ಹಿಡಿಯಿತು. ಅವಳ ಮೊದಲ ಪ್ರತಿಯಲ್ಲಿ ‘ಈ ವರ್ಷ ಕಷ್ಟ, ಮುಂದೆ ನೋಡೋಣ’ ಎಂದಿತ್ತು. ‘ನೋಡೋಣ’ವನ್ನು ಹೊಡೆದುಹಾಕಿಸಿದೆ. ದೊಡ್ಡವರ ‘ನೋಡೋಣ’ ಎಂದರೆ ಇಲ್ಲ. ಮಕ್ಕಳ ಕಿವಿಗೆ ಅದು ಹೂಂ. ‘ನಿನ್ನನ್ನು ಯಾವತ್ತೂ ಮರೆಯಲ್ಲ’ ಕೂಡ ಹೋಯಿತು. ಕೊನೆಗೆ ಉಳಿದದ್ದು: “ಮುಂದಿನ ವರ್ಷ ಬರ್ತೀನಿ ಅಂದಿದ್ದೆ. ನಾನು ಬರುವುದಿಲ್ಲ. ಇದರಲ್ಲಿ ನಿನ್ನದೇನೂ ತಪ್ಪಿಲ್ಲ, ಯೋಚಿಸದೆ ಹೇಳಿದ್ದು ನಾನು. ನಿನ್ನ ಜೊತೆ ಗುಣಾಕಾರ ಕಲಿತದ್ದು ನನಗೆ ಇಷ್ಟವಾಗಿತ್ತು.”

ಹಣ ಕಳಿಸುವುದನ್ನು ನಿಲ್ಲಿಸಿ ಎಂದೆ. ಒಬ್ಬ ಆಯಾ ಕೈಗೆ, ಒಂದು ಮಗುವಿನ ಹೆಸರಲ್ಲಿ, ಲೆಕ್ಕವಿಲ್ಲದೆ ಹೋಗುವ ಹಣ ಉಳಿದ ಮಕ್ಕಳ ನಡುವೆ ಆ ಮಗುವನ್ನು ಬೇರೆಯಾಗಿಸುತ್ತದೆ, ಆಯಾಳನ್ನೂ ಇಕ್ಕಟ್ಟಿಗೆ ತಳ್ಳುತ್ತದೆ. ಮಕ್ಕಳ ಮುಖ ಕಾಣುವ ಫೋಟೊಗಳನ್ನು ಎಲ್ಲರಿಗೂ ಕಾಣುವ ಖಾತೆಯಿಂದ ತೆಗೆಯಿರಿ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಖಾಸಗಿತನದ ಹಕ್ಕನ್ನು ಆ ಮಗುವಿಗೂ ಕೊಟ್ಟಿದೆ. ರಾತ್ರಿ ಫೋನು ಮಲಗುವ ಕೋಣೆಯಿಂದ ಹೊರಗಿರಲಿ. ಇವೆಲ್ಲ ಸುಲಭದವು.

ಕಷ್ಟದ್ದು ಇನ್ನೊಂದು. ಪ್ರವಾಸದ ಸಂಯೋಜಕರಿಗೆ ಲಿಖಿತವಾಗಿ ಪ್ರಶ್ನೆ ಕೇಳಲು ಹೇಳಿದೆ: ಈ ಕೆಲಸ ಬೇಕೆಂದು ಅಲ್ಲಿಯವರು ಕೇಳಿದರೋ, ನಾವು ಸೂಚಿಸಿದೆವೋ? ವರ್ಷಕ್ಕೆ ಎಷ್ಟು ತಂಡ ಅಲ್ಲಿಗೆ ಹೋಗುತ್ತವೆ? ನಾವು ಹೋಗದಿದ್ದರೆ ಈ ಕೆಲಸಕ್ಕೆ ಅಲ್ಲಿಯ ಯಾರಿಗೆ ಕೂಲಿ ಸಿಗುತ್ತಿತ್ತು? ಮಕ್ಕಳ ಜೊತೆ ಬಿಡುವ ಮುನ್ನ ನಮ್ಮ ಪೂರ್ವಾಪರ ಯಾರು ವಿಚಾರಿಸಿದರು? ಜೊತೆಗೆ, ಇದ್ದ ಊರಿನಲ್ಲೇ ವಾರಕ್ಕೆ ಮೂರು ಗಂಟೆ, ಒಂದೇ ಜಾಗ, ಒಂದು ಪೂರ್ತಿ ಸೆಮಿಸ್ಟರ್. ಮಕ್ಕಳೊಡನೆ ಅಲ್ಲ, ಕಡತ ಜೋಡಿಸುವ, ಅರ್ಜಿ ತುಂಬಿಕೊಡುವ ಕೆಲಸ. ಯಾರೂ ಅಪ್ಪಿಕೊಳ್ಳದ ಕೆಲಸವನ್ನು ಬೇಕೆಂದೇ ಆರಿಸಿದ್ದು.

ಉತ್ಸಾಹಕ್ಕೆ ತಣ್ಣೀರೆರಚಿದಿರಿ ಎಂಬುದು ಸಹೋದ್ಯೋಗಿಗಳ ದೂರು. ಇಪ್ಪತ್ತರ ಹುಡುಗಿಗೆ ಇಷ್ಟು ಕಟುವಾಗಿ ಹೇಳಬೇಕಿತ್ತೇ ಎಂದು ನನಗೂ ಒಂದೆರಡು ದಿನ ಅನಿಸಿತು. ಆದರೆ ‘ನೀವು ಮಾಡಿದ್ದು ದೊಡ್ಡ ಕೆಲಸ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದು ಕಳಿಸಿದ್ದರೆ ನನ್ನ ಕೋಣೆಯಲ್ಲಿ ಅವಳಿಗೆ ಹಗುರವಾಗುತ್ತಿತ್ತು. ಮಗು ದಿನ ಎಣಿಸುತ್ತ ಕೂರುತ್ತಿತ್ತು. ನನ್ನ ಎದುರು ಕೂತವಳಷ್ಟೇ ನನ್ನ ಹೊಣೆ ಎಂದು ಒಪ್ಪುವವಳಲ್ಲ ನಾನು. ಈ ವಿಷಯದಲ್ಲಿ ಹಟಮಾರಿ ಎನಿಸಿಕೊಂಡರೂ ಸರಿಯೇ.

ತಂಡ ಕರೆದೊಯ್ಯುವವರಿಗೆ ಒಂದಿಷ್ಟು. ಹೊರಡುವ ದಿನಾಂಕವನ್ನು ಮೊದಲ ದಿನವೇ ಮಕ್ಕಳ ಕಣ್ಣಿಗೆ ಬೀಳುವಂತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೊನೆಯ ರಾತ್ರಿಯ ವೃತ್ತ ನಿಮ್ಮ ತಂಡದ್ದು. ಮಕ್ಕಳನ್ನು ಅದರಲ್ಲಿ ಕೂರಿಸಬೇಡಿ. ಆ ರಾತ್ರಿ ಕೊಟ್ಟ ಮಾತುಗಳೇ ಆಮೇಲೆ ಕಾಡುವುದು. ಚರ್ಚೆಯನ್ನು ‘ಏನನಿಸಿತು’ ಎಂದು ಶುರು ಮಾಡಬೇಡಿ. ಮೊದಲು ಏನಾಯಿತು, ಆಮೇಲೆ ಅದರಿಂದ ತಿಳಿದದ್ದೇನು, ಕೊನೆಗೆ ಮುಂದೇನು. ಮನೆಗೆ ಬಂದ ಎರಡನೇ ವಾರ ಒಮ್ಮೆ, ಆರನೇ ವಾರ ಒಮ್ಮೆ ಎಲ್ಲರನ್ನೂ ಸೇರಿಸಿ. ಆರನೇ ವಾರದ್ದನ್ನೇ ಎಲ್ಲರೂ ಕೈಬಿಡುತ್ತಾರೆ.

ಮೇಲ್ವಿಚಾರಕರು ಸಂದೇಶವನ್ನು ಮಗುವಿಗೆ ಓದಿ ಹೇಳಿದೆವು ಎಂದಷ್ಟೇ ಉತ್ತರಿಸಿದರು. ಮಗು ಏನಂದಿತು ಎಂದು ಬರೆಯಲಿಲ್ಲ. ಅವಳು ಅದನ್ನು ಕೇಳಿ ಮತ್ತೆ ಬರೆಯಲೂ ಇಲ್ಲ. ಏಳನೇ ಭೇಟಿಗೆ ಬಂದಾಗ ಸಂಯೋಜಕರ ಉತ್ತರ ತಂದಿದ್ದಳು. ನಾಲ್ಕು ಪ್ರಶ್ನೆಯಲ್ಲಿ ಎರಡಕ್ಕೆ ಉತ್ತರವಿತ್ತು. ಜೊತೆಗಿದ್ದ ಮುಂದಿನ ತಂಡದ ಕೆಲಸದ ಪಟ್ಟಿಯಲ್ಲಿ ಗೋಡೆಗೆ ಬಣ್ಣ ಈ ಸಲವೂ ಇದೆ. ಅದರ ಮುಂದೆ ಯಾರೋ ಪೆನ್ಸಿಲಿನಲ್ಲಿ ‘ಮೊದಲು ಕೊಳವೆ’ ಎಂದು ಬರೆದಿದ್ದಾರೆ.