ಡಿಟಿಪಿ ಅಂಗಡಿಯ ಹಳೆ ಕಂಪ್ಯೂಟರ್‌ಗಳಿಗೆ ವಿಂಡೋಸ್, ಮ್ಯಾಕ್, ಲಿನಕ್ಸ್: ಯಾವುದು ಸರಿ?

ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಉಡುಪಿಯಲ್ಲಿ ನಿಮ್ಮದು ಡಿಟಿಪಿ–ಜೆರಾಕ್ಸ್ ಅಂಗಡಿ. 2016ರಲ್ಲಿ ತೆಗೆದ ನಾಲ್ಕು ಕಂಪ್ಯೂಟರ್ ಉಂಟು: ಆರನೇ ಪೀಳಿಗೆಯ ಐ3, 4 ಜಿಬಿ ರ್‍ಯಾಮ್, ಹಾರ್ಡ್‌ಡಿಸ್ಕ್. ಕೆಲಸ ನುಡಿ, ಪೇಜ್‌ಮೇಕರ್, ಕೋರೆಲ್‌ನಲ್ಲಿ. ಒಂದರಲ್ಲಿ ಟ್ಯಾಲಿ ಮತ್ತು ಡಿಎಸ್‌ಸಿ (ಡಿಜಿಟಲ್ ಸಹಿಯ) ಟೋಕನ್. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900. ವಿಂಡೋಸ್ 10 ಮುಗಿಯಿತಲ್ಲ, ಎಲ್ಲವನ್ನೂ ಬದಲಿಸಬೇಕೇ, ಮ್ಯಾಕ್ ತರಬೇಕೇ, ಲಿನಕ್ಸ್ ಸಾಕೇ?

ಮೂರಕ್ಕೆ ಲಿನಕ್ಸ್ (ವಿಂಡೋಸ್ ಜಾಗದಲ್ಲಿ ಕೂರುವ ಮುಕ್ತ ವ್ಯವಸ್ಥೆ) ಹಾಕಿ, ವಿಂಡೋಸ್ 11 ಇರುವ ಯಂತ್ರ ಒಂದೇ ಒಂದು ಕೊಳ್ಳಿ, ಮ್ಯಾಕ್ ಬೇಡ. ಆದರೆ ನಿಮ್ಮನ್ನು ನಿಜವಾಗಿ ಕಟ್ಟಿಹಾಕಿದ್ದು ವಿಂಡೋಸ್ ಅಲ್ಲ. ಹಳೆ ಫೈಲುಗಳ ಆಸ್ಕಿ ಫಾಂಟ್, ಆ ಪ್ರಿಂಟರ್ ಮತ್ತು ಆ ಟೋಕನ್. ಈ ಮೂರು ಗಂಟು ಬಿಚ್ಚದೆ ಲಿನಕ್ಸ್ ಹಾಕಿದರೆ ಒಂದು ವಾರದಲ್ಲಿ ಬೈದುಕೊಂಡು ವಾಪಸ್ ಬರುತ್ತೀರಿ.

ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಮನೆ ಬಳಕೆಯವರಿಗೆಂದು ಇನ್ನೊಂದು ವರ್ಷದ ಹೆಚ್ಚುವರಿ ಅಪ್‌ಡೇಟ್ ಕೊಟ್ಟಿದ್ದಾರೆ, ಅಂಗಡಿ ಅದನ್ನು ನಂಬಿ ಕೂರುವ ಹಾಗಿಲ್ಲ. ವಿಂಡೋಸ್ 11 ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳನ್ನು ಕೇಳುತ್ತದೆ; ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಸೆಟಿಂಗ್) ಅವೆರಡನ್ನು ಆನ್ ಮಾಡಿದರೂ ನಿಮ್ಮ ಆರನೇ ಪೀಳಿಗೆಯ ಪ್ರೊಸೆಸರನ್ನು ಒಪ್ಪುವುದಿಲ್ಲ. ರೂಫಸ್ ಎಂಬ ತಂತ್ರಾಂಶದಿಂದ ಆ ತಪಾಸಣೆ ತಪ್ಪಿಸಿ ಹಾಕಿಕೊಡುವವರಿದ್ದಾರೆ. ಓಡುತ್ತದೆ, ಸುಳ್ಳಲ್ಲ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ, ಪ್ರತಿ ಸಲ ಅದೇ ಕಸರತ್ತು.

ಮ್ಯಾಕ್ ಒಳ್ಳೆಯ ಯಂತ್ರವೇ, ಕನ್ನಡ ಟೈಪಿಂಗ್ ಅದರಲ್ಲೇ ಉಂಟು. ಆದರೆ ಟ್ಯಾಲಿ ಅದಕ್ಕಿಲ್ಲ, ಪೇಜ್‌ಮೇಕರ್ ಇಲ್ಲ, ರ್‍ಯಾಮ್ ಮುಂದೆ ಹೆಚ್ಚಿಸಲು ಬರುವುದಿಲ್ಲ. ಅಗ್ಗಕ್ಕೆ ಸಿಗುತ್ತದೆಂದು ಹಳೆ ಇಂಟೆಲ್ ಮ್ಯಾಕ್ ತೆಗೆಯಲೇಬೇಡಿ, ಮ್ಯಾಕ್ ಒಎಸ್ 26 ಅವುಗಳಿಗೆ ಕೊನೆಯ ಆವೃತ್ತಿ.

ಈಗ ಮೊದಲ ಗಂಟು, ಇದೇ ದೊಡ್ಡದು. ನುಡಿ 01 ಇ ತರದ ಆಸ್ಕಿ ಫಾಂಟಿನಲ್ಲಿ ಮಾಡಿದ ಫೈಲಿನಲ್ಲಿ ಇರುವುದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರಗಳ ಕೋಡು. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿದೆ. ಹಾಗಾಗಿ ಲಿನಕ್ಸ್‌ನಲ್ಲೂ ಆ ಫೈಲ್ ನೋಡಬಹುದು: ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹದ ಫಾಂಟುಗಳನ್ನು ಹೋಮ್ ಫೋಲ್ಡರಿನ ಒಳಗೆ ‘.fonts’ (ಮೊದಲಲ್ಲಿ ಚುಕ್ಕೆ) ಹೆಸರಿನ ಫೋಲ್ಡರ್ ಮಾಡಿ ಹಾಕಿ. ಲಿಬ್ರೆಆಫೀಸ್‌ನಲ್ಲಿ ವರ್ಡ್ ಫೈಲ್ ತೆರೆದು ತಿದ್ದುವ ಮೊದಲು ಟೂಲ್ಸ್ ಮೆನುವಿನ ಆಟೋಕರೆಕ್ಟ್ ಆಯ್ಕೆಗಳನ್ನೆಲ್ಲ ತೆಗೆಯಿರಿ. ಇಲ್ಲದಿದ್ದರೆ ವಾಕ್ಯದ ಮೊದಲ ಅಕ್ಷರವನ್ನು ಅದು ‘ಕ್ಯಾಪಿಟಲ್’ ಮಾಡುತ್ತದೆ, ನಿಮ್ಮ ಕನ್ನಡದಲ್ಲಿ ಬೇರೆಯೇ ಅಕ್ಷರ ಬಂದು ಕೂರುತ್ತದೆ. ಉದ್ಧರಣ ಚಿಹ್ನೆಯ ಕಥೆಯೂ ಅದೇ.

ಆದರೆ ಹೊಸ ಕೆಲಸವನ್ನು ಆಸ್ಕಿಯಲ್ಲಿ ಮಾಡಬೇಡಿ, ಯೂನಿಕೋಡ್‌ನಲ್ಲಿ ಮಾಡಿ; ಅದರಲ್ಲಿ ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಕೋಡು ಉಂಟು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಅದರ ಜಾಗಕ್ಕೆ ಪುಟ ಜೋಡಿಸುವ ತಂತ್ರಾಂಶ ಸ್ಕ್ರೈಬಸ್ 1.6 ಹಾಕಿ. ಹಳೆಯ 1.4ರಲ್ಲಿ ಒತ್ತಕ್ಷರ ಒಡೆಯುತ್ತದೆ, ಆ ಆವೃತ್ತಿ ನೋಡಿ ಸ್ಕ್ರೈಬಸ್ ಆಗುವುದಿಲ್ಲ ಎಂದವರು ಬಹಳ ಮಂದಿ. ಫಾಂಟಿಗೆ ನೋಟೊ, ಲೋಹಿತ್, ಗುಬ್ಬಿ, ನವಿಲು ಉಂಟು. ಮದುವೆ ಕಾಗದಕ್ಕೆ ಬೇಕಾದ ಅಲಂಕಾರದ ಫಾಂಟುಗಳು ಯೂನಿಕೋಡ್‌ನಲ್ಲಿ ಇನ್ನೂ ಕಡಿಮೆ, ಆ ಕೊರತೆ ನಿಜ.

ಹಳೆಯದನ್ನೆಲ್ಲ ಒಟ್ಟಿಗೆ ಪರಿವರ್ತಿಸಲು ಹೋಗಬೇಡಿ ಮಾರಾಯ್ರೆ, ಮುಗಿಯುವುದಿಲ್ಲ. ಪ್ರತಿ ವರ್ಷ ತಿರುಗಿ ಬರುವವು ಯಾವುವು? ದೇವಸ್ಥಾನದ ಜಾತ್ರೆ, ನೇಮ, ಬಯಲಾಟದ ಹ್ಯಾಂಡ್‌ಬಿಲ್. ಅವು ಬಂದಾಗ ಬಂದದ್ದನ್ನು ಮಾಡಿ; ದೀಪಾವಳಿಯಿಂದ ಪತ್ತನಾಜೆಯ (ಮೇ ಕೊನೆಯ) ತನಕ ಒಂದು ಸೀಸನ್ ಕಳೆದರೆ ಬೇಕಾದದ್ದೆಲ್ಲ ಯೂನಿಕೋಡ್ ಆಗಿರುತ್ತದೆ. ಪಠ್ಯವನ್ನು ಪರಿವರ್ತಕಕ್ಕೆ ಹಾಕುವ ಮೊದಲು ಇಂಗ್ಲಿಷ್ ಪದ, ಇಮೇಲ್ ವಿಳಾಸ ಬೇರೆ ತೆಗೆದಿಡಿ. ಪರಿವರ್ತಕಕ್ಕೆ ಕಾಣುವುದು ಕೋಡು ಮಾತ್ರ, ಇಂಗ್ಲಿಷನ್ನೂ ಅದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಶ್ರೀಲಿಪಿ ತಂತ್ರಾಂಶದಲ್ಲಿ ಮಾಡಿದ ಫೈಲಿದ್ದರೆ ಅದರ ಕೋಡೇ ಬೇರೆ, ನುಡಿಯ ಪರಿವರ್ತಕ ನಡೆಯದು. ಕೊನೆಗೆ ಅರ್ಕಾವತ್ತು ಇರುವ ಪದಗಳನ್ನೂ ಹೆಸರುಗಳನ್ನೂ ಕಣ್ಣಲ್ಲೇ ತಿದ್ದಬೇಕು.

ಟೈಪ್ ಮಾಡುವ ಹುಡುಗಿಯ ಬೆರಳಿಗೆ ಏನೂ ತೊಂದರೆ ಇಲ್ಲ. ಕೀಲಿಮಣೆ ವಿನ್ಯಾಸ ಬದಲಿಸುವ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಆರಿಸಿ, ಲಾಗ್‌ಔಟ್ ಆಗಿ ಬನ್ನಿ. ನುಡಿಯ ವಿನ್ಯಾಸವೇ, ಒತ್ತಿಗೆ ಅದೇ ‘ಎಫ್’ ಕೀಲಿ. ಈ ವಿನ್ಯಾಸದ ಮೂಲ ಮಂಗಳೂರಿನ ಹತ್ತಿರದ ನಮ್ಮ ಕಿನ್ನಿಕಂಬಳದ ಕೆ. ಪಿ. ರಾವ್ ಅವರದ್ದು, ‘ಸೇಡಿಯಾಪು’ ತಂತ್ರಾಂಶ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟವರು ಅವರು. ಮುಕ್ತ ತಂತ್ರಾಂಶ ಎಂದರೆ ಎಲ್ಲೋ ಹೊರಗಿನ ವಿಷಯ ಎಂದುಕೊಳ್ಳುವವರಿಗೆ ಇದನ್ನು ಹೇಳಬೇಕು. ತಲಪಾಡಿ ದಾಟಿದರೆ ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕಲಿಯುವುದೂ ಲಿನಕ್ಸ್‌ನಲ್ಲೇ.

ಪ್ರಿಂಟರ್. ಎಲ್‌ಬಿಪಿ 2900 ಕಲ್ಲಿನಂಥ ಯಂತ್ರ, ಆದರೆ ಅದು ಮಾತಾಡುವುದು ಕ್ಯಾಪ್ಟ್ ಎಂಬ ಸ್ವಂತ ಭಾಷೆ. ಕಂಪನಿಯ ಲಿನಕ್ಸ್ ಡ್ರೈವರ್ ತೀರ ಹಳೆಯದು, ಹೊಸ ಲಿನಕ್ಸ್ ಆವೃತ್ತಿಗಳಲ್ಲಿ ಒಂದೆರಡು ಪುಟ ಬಂದು ನಿಂತುಬಿಡುವುದು ಸಾಮಾನ್ಯ ದೂರು. ಗಿರಾಕಿ ಎದುರು ನಿಂತಿರುವಾಗ ಅದು ಆಗದು. ಪ್ರಿಂಟರನ್ನು ವಿಂಡೋಸ್ ಯಂತ್ರಕ್ಕೇ ಬಿಡಿ, ಅದರಲ್ಲಿ ಒಂದು ಫೋಲ್ಡರ್ ಶೇರ್ ಮಾಡಿ, ಉಳಿದ ಮೂವರು ಪಿಡಿಎಫ್ ಮಾಡಿ ಅಲ್ಲಿ ಹಾಕಲಿ, ಕೌಂಟರಿನವರು ಪ್ರಿಂಟ್ ಕೊಡಲಿ. ಹೊಸ ಪ್ರಿಂಟರ್ ತೆಗೆಯುವಾಗ ಡಬ್ಬಿಯ ಮೇಲೆ ಏರ್‌ಪ್ರಿಂಟ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಎಂದಿದೆಯೇ ನೋಡಿ. ಇದ್ದರೆ ಲಿನಕ್ಸ್‌ನಲ್ಲಿ ಡ್ರೈವರ್ ಹುಡುಕುವ ಕೆಲಸ ಬಹುಮಟ್ಟಿಗೆ ಇರುವುದಿಲ್ಲ. ಲಿನಕ್ಸ್ ಪ್ರಿಂಟ್ ಮಾಡುವ ಕಪ್ಸ್ ವ್ಯವಸ್ಥೆಯನ್ನು ಬಹಳ ವರ್ಷ ಸಾಕಿದ್ದೇ ಆಪಲ್! ಮ್ಯಾಕ್, ಲಿನಕ್ಸ್ ನಡುವಿನ ಬೇಲಿ ಜನ ಹೇಳುವಷ್ಟು ನೇರ ಇಲ್ಲ.

ಕೋರೆಲ್ ಬದಲಿಗೆ ಇಂಕ್‌ಸ್ಕೇಪ್. ಕನ್ನಡ ಚೆನ್ನಾಗಿ ಕೂರುತ್ತದೆ, ಸಿಎಂವೈಕೆ (ನಾಲ್ಕು ಬಣ್ಣದ ಮುದ್ರಣದ) ಬಣ್ಣದಲ್ಲಿ ದುರ್ಬಲ. ಫ್ಲೆಕ್ಸ್‌ಗೆ ಕಳುಹಿಸುವ ಮೊದಲು ಅಕ್ಷರವನ್ನು ಪಾಥ್ (ಗೆರೆಗಳ ಆಕಾರ) ಮಾಡಿ ಪಿಡಿಎಫ್ ಕೊಡಿ, ಅಲ್ಲಿ ಫಾಂಟ್ ಇಲ್ಲದೆ ಒಡೆಯುವ ಪ್ರಶ್ನೆ ಬರುವುದಿಲ್ಲ. ಕೋರೆಲ್‌ನ ಹಳೆ ಫೈಲ್ ತೆರೆದರೆ ಚಿತ್ರ ಬರುತ್ತದೆ, ಪಠ್ಯ ಚದುರುತ್ತದೆ. ನಾಲ್ಕು ಬಣ್ಣದ ಆಫ್‌ಸೆಟ್ ಕೆಲಸ ಹೆಚ್ಚಿದ್ದರೆ ಕೋರೆಲನ್ನು ವಿಂಡೋಸ್‌ನಲ್ಲಿ ಉಳಿಸಿಕೊಳ್ಳಿ.

ಟ್ಯಾಲಿ ಮತ್ತು ಟೋಕನ್ ವಿಂಡೋಸ್‌ನಲ್ಲೇ ಇರಲಿ, ಚರ್ಚೆ ಬೇಡ. ಅದಕ್ಕೆ ಎಂಟನೇ ಪೀಳಿಗೆ ಅಥವಾ ನಂತರದ ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್ ಸಾಕು, 8 ಜಿಬಿ ರ್‍ಯಾಮ್, ಅಸಲಿ ಲೈಸೆನ್ಸ್ ಇರುವುದು.

ಹಳೆ ಮೂರಕ್ಕೆ 256 ಜಿಬಿಯ ಸಾಟಾ ಎಸ್‌ಎಸ್‌ಡಿ ಒಂದೊಂದು ಹಾಕಿ, ರ್‍ಯಾಮ್ 8 ಜಿಬಿಗೆ ಏರಿಸಿ. ನಾಲ್ಕನೆಯದರ ರ್‍ಯಾಮ್ ಬಿಚ್ಚಿ ಒಂದಕ್ಕೆ ಹಾಕಬಹುದು, ಡಿಡಿಆರ್3ಯೋ 4ಯೋ ನೋಡಿಕೊಂಡು. ಅದರ ಎಸ್‌ಎಂಪಿಎಸ್ (ವಿದ್ಯುತ್ ಕೊಡುವ ಪೆಟ್ಟಿಗೆ), ಫ್ಯಾನ್ ಬಿಡಿಭಾಗಕ್ಕಾಯಿತು. ಹಳೆ ಹಾರ್ಡ್‌ಡಿಸ್ಕ್ ಅಳಿಸಬೇಡಿ, ತೆಗೆದು ಹೆಸರು ಬರೆದು ಇಡಿ, ಅದೇ ನಿಮ್ಮ ವಾಪಸ್ ಹೋಗುವ ದಾರಿ. 8 ಜಿಬಿ ಪೆನ್‌ಡ್ರೈವಿಗೆ ಲಿನಕ್ಸ್ ಮಿಂಟ್ 22 ಬರೆದು (2029ರ ತನಕ ಬೆಂಬಲ ಉಂಟು) ಮೊದಲು ಲೈವ್ ಆಗಿ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ) ಓಡಿಸಿ ವೈಫೈ, ಸ್ಕ್ಯಾನರ್, ಶೇರ್ ಫೋಲ್ಡರ್ ಪರೀಕ್ಷಿಸಿ. ಸ್ಕ್ಯಾನರ್ ಇಲ್ಲಿ ಕೈಕೊಟ್ಟರೆ ಇನ್‌ಸ್ಟಾಲ್ ಮಾಡಿದ ಮೇಲೂ ಪರದಾಟವೇ. ವಿಂಡೋಸ್ ಜತೆಗೇ ಹಾಕಿದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಮುಂದೆ ಆಗುತ್ತದೆ, ಲಿನಕ್ಸ್ ಬಯೋಸ್‌ನ ಸಮಯವನ್ನು ಗ್ರೀನಿಚ್ ಎಂದೂ ವಿಂಡೋಸ್ ಸ್ಥಳೀಯ ಎಂದೂ ಓದುವುದರಿಂದ. ಇದೂ ಒಂದು ಕಾರಣ, ಒಂದು ಯಂತ್ರದಲ್ಲಿ ಒಂದೇ ವ್ಯವಸ್ಥೆ ಓಡಿಸುವುದು ಒಳ್ಳೆಯದು.

ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮಾಡಿ, ಮದುವೆ ಕಾಗದದ ಗಲಾಟೆ ಇರುವುದಿಲ್ಲ. ಒಂದೊಂದೇ ಯಂತ್ರ, ನಡುವೆ ಎರಡು ವಾರ ಬಿಟ್ಟು. ಕೇಸ್ ತೆಗೆದಾಗ ರ್‍ಯಾಮಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, 2016ರ ಬಯೋಸ್ ಸೆಲ್ ತೆಗೆದು ಹೊಸ ಸಿಆರ್2032 ಹಾಕಿ. ಉಪ್ಪುಗಾಳಿಗೆ ಹಸಿರು ಹಿಡಿದ ಸಂಪರ್ಕದಿಂದ ಬರುವ ಬೀಪ್ ಶಬ್ದಕ್ಕೆ ಲಿನಕ್ಸನ್ನು ಬೈಯುವುದು ತಪ್ಪುತ್ತದೆ.