ಲ್ಯಾಸಿಕ್ (ಕನ್ನಡಕದ ನಂಬರ್ ತೆಗೆಯುವ ಲೇಸರ್) ನಂತರ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಉಬ್ಬಿದೆ. ಸಿ3ಆರ್ ಮಾಡಿಸಿದರೆ ನಂಬರ್ ಹೋಗುತ್ತಾ? ಮತ್ತೆ ಲೇಸರ್ ಮಾಡಿಸಬಹುದಾ?

ಎರಡಕ್ಕೂ ನನ್ನ ಉತ್ತರ ‘ಇಲ್ಲ’. ಸಿ3ಆರ್ (ವಿಟಮಿನ್ ಹನಿ ಮತ್ತು ಬೆಳಕಿನಿಂದ ಕಾರ್ನಿಯಾ ಗಟ್ಟಿ ಮಾಡುವ ಚಿಕಿತ್ಸೆ) ಇರೋದು ಉಬ್ಬು ಮುಂದುವರಿಯದಂತೆ ತಡೆಯೋಕೆ. ಸ್ಪಷ್ಟವಾಗಿ ಕಾಣೋಕೆ ಬೇರೆ ದಾರಿ ಹಿಡಿಯಬೇಕು.

ಮತ್ತೆ ಲೇಸರ್ ಯಾಕೆ ಬೇಡ ಅನ್ನೋದರ ಲೆಕ್ಕ ಹೀಗಿದೆ. 540 ಮೈಕ್ರಾನ್ ಕಾರ್ನಿಯಾದಲ್ಲಿ ಫ್ಲ್ಯಾಪ್‌ಗೆ (ಲ್ಯಾಸಿಕ್‌ನಲ್ಲಿ ಕತ್ತರಿಸಿ ಎತ್ತುವ ಮೇಲಿನ ತೆಳು ಮುಚ್ಚಳ) 110, ಲೇಸರ್‌ಗೆ 80 ಹೋದರೆ ಉಳಿಯೋದು 350. ಫ್ಲ್ಯಾಪ್ ಮತ್ತೆ ಕೂತಿರುತ್ತೆ ನಿಜ, ಆದರೆ ಭಾರ ಹೊರೋದಿಲ್ಲ. ಕೆಳಗಿನ ಪದರ 300ಕ್ಕಿಂತ ತೆಳುವಾದರೆ ಅಪಾಯ ಹೆಚ್ಚು. ಮೊದಲೇ ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕಾಯಿಲೆ) ಅಡಗಿದ್ದರೆ ದಪ್ಪ ಸಾಕಷ್ಟಿದ್ದರೂ ಉಬ್ಬಬಹುದು. ಇಂಥ ಕಣ್ಣಿಗೆ ನಂಬರ್ ತೆಗೆಯಲು ಮತ್ತೆ ಲ್ಯಾಸಿಕ್ ಅಂದರೆ ಬಿರುಕು ಬಿಟ್ಟ ಗೋಡೆಯನ್ನೇ ಇನ್ನಷ್ಟು ಕೆರೆದ ಹಾಗೆ.

ಲ್ಯಾಸಿಕ್‌ಗೆ ಮುಂಚಿನ ಮತ್ತು ನಂತರದ ಪೆಂಟಾಕ್ಯಾಮ್ (ಕಾರ್ನಿಯಾದ ಆಕಾರ, ದಪ್ಪದ ನಕ್ಷೆ ತೆಗೆಯುವ ಸ್ಕ್ಯಾನ್) ರಿಪೋರ್ಟ್‌ಗಳನ್ನು ಆಸ್ಪತ್ರೆಯಿಂದ ಕೇಳಿ ತಗೊಳ್ಳಿ. ಹೊಸ ಸ್ಕ್ಯಾನ್‌ಗೆ ಒಂದೆರಡು ವಾರ ಮೊದಲೇ ಸಾಫ್ಟ್ ಲೆನ್ಸ್ ಬಿಡಬೇಕು, ಇಲ್ಲವಾದರೆ ನಕ್ಷೆ ಸುಳ್ಳು ಹೇಳುತ್ತೆ. ಕೆ-ಮ್ಯಾಕ್ಸ್ (ಕಾರ್ನಿಯಾ ಅತಿ ಕಡಿದಾಗಿರುವ ಜಾಗದ ಅಳತೆ) ಒಂದು ವರ್ಷದಲ್ಲಿ 1 ಡಯಾಪ್ಟರ್ ಏರಿದ್ದರೆ, ಅತಿ ತೆಳು ಜಾಗ ಇನ್ನೂ ತೆಳುವಾಗುತ್ತಿದ್ದರೆ ಸಿ3ಆರ್‌ಗೆ ತಡಮಾಡಬೇಡಿ.

ಸಿ3ಆರ್‌ನಲ್ಲಿ ಮರಗಟ್ಟಿಸುವ ಡ್ರಾಪ್ಸ್ ಹಾಕಿ ಕಾರ್ನಿಯಾದ ಮೇಲಿನ ತೆಳು ಪದರ ಎಪಿಥೀಲಿಯಂ ಅನ್ನು 8–9 ಮಿ.ಮೀ. ಅಗಲ ಕೆರೆದು ತೆಗೀತಾರೆ. ಹಳದಿ ಬಣ್ಣದ ರೈಬೋಫ್ಲೇವಿನ್ (ವಿಟಮಿನ್ ಬಿ2) ಹನಿಯನ್ನು ಎರಡು ಮೂರು ನಿಮಿಷಕ್ಕೊಮ್ಮೆ, ಸುಮಾರು ಅರ್ಧ ಗಂಟೆ ಬಿಡ್ತಾರೆ. ಆಮೇಲೆ ಅಲ್ಟ್ರಾವಯಲೆಟ್ ಬೆಳಕು: 3 ಮಿಲಿವ್ಯಾಟ್‌ನಲ್ಲಿ 30 ನಿಮಿಷ, ಇಲ್ಲವೇ 9 ಮಿಲಿವ್ಯಾಟ್‌ನಲ್ಲಿ 10 ನಿಮಿಷ. ಒಟ್ಟು ಶಕ್ತಿ ಎರಡರಲ್ಲೂ ಒಂದೇ. ಬೆಳಕು ಬಿಡೋ ಮುಂಚೆ ಫ್ಲ್ಯಾಪ್ ಸೇರಿ ಕಾರ್ನಿಯಾದ ದಪ್ಪ ಕನಿಷ್ಠ 400 ಮೈಕ್ರಾನ್ ಇರಬೇಕು. ಕಡಿಮೆ ಇದ್ದರೆ ಕಿರಣ ಕಾರ್ನಿಯಾದ ಒಳಗಿನ ಪದರ ಎಂಡೋಥೀಲಿಯಂ ತಲುಪುತ್ತೆ, ಆ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟೋದಿಲ್ಲ. ಅದಕ್ಕೇ ತೆಳು ಕಣ್ಣಿಗೆ ಕಾರ್ನಿಯಾ ಊದಿಸುವ ಹೈಪೋ-ಆಸ್ಮೋಲಾರ್ ರೈಬೋಫ್ಲೇವಿನ್ ಬಳಸ್ತಾರೆ. ನಿಮ್ಮ ಕಣ್ಣಿನ ಅಳತೆ ಎಷ್ಟು, ಯಾವ ದ್ರಾವಣ ಅಂತ ಡಾಕ್ಟರನ್ನು ಕೇಳಿ. ಕೇಳೋದು ತಪ್ಪಲ್ಲ.

ಮೊದಲ ಎರಡು ಮೂರು ದಿನ ಚೆನ್ನಾಗೇ ನೋಯುತ್ತೆ, ನೀರು ಸುರಿಯುತ್ತೆ. ಗಾಯದ ಮೇಲೆ ಹಾಕಿರುವ ಬ್ಯಾಂಡೇಜ್ ಲೆನ್ಸನ್ನು ಗಾಯ ಮುಚ್ಚಿದ ಮೇಲೆ, ಸಾಮಾನ್ಯವಾಗಿ ನಾಲ್ಕೈದು ದಿನಕ್ಕೆ, ಡಾಕ್ಟರೇ ತೆಗೀತಾರೆ. ಮರಗಟ್ಟಿಸುವ ಡ್ರಾಪ್ಸನ್ನು ಮನೆಗೆ ತಂದು ಹಾಕ್ಕೊಂಡರೆ ಕಾರ್ನಿಯಾ ಕರಗಬಹುದು, ಅದು ಬೇಡವೇ ಬೇಡ. ಕೆಲವು ವಾರ ದೃಷ್ಟಿ ಇನ್ನೂ ಮಸುಕಾಗುತ್ತೆ, ಗಾಬರಿ ಬೇಡ. ಆದರೆ ಕಡಿಮೆಯಾಗಿದ್ದ ನೋವು ಮತ್ತೆ ಏರಿ, ಕಣ್ಣು ಕೆಂಪಾಗಿ ಬಿಳಿ ಚುಕ್ಕೆ ಕಂಡರೆ ಸೋಂಕಿರಬಹುದು. ಅವತ್ತೇ ಹೋಗಿ.

ಇನ್ನು ನೋಟ. ವಕ್ರ ಕಾರ್ನಿಯಾಕ್ಕೆ ಕನ್ನಡಕ ಅಷ್ಟಾಗಿ ಹಿಡಿಯೋಲ್ಲ. ನನ್ನ ಆಯ್ಕೆ ಸ್ಕ್ಲೀರಲ್ ಲೆನ್ಸ್: ಅದು ಬಿಳಿಗುಡ್ಡೆ ಮೇಲೆ ಕೂರುತ್ತೆ, ನಡುವೆ ತುಂಬಿದ ಸಲೈನ್ ಏರುಪೇರನ್ನು ಮುಚ್ಚುತ್ತೆ. ಪ್ರಿಸರ್ವೇಟಿವ್ ಇಲ್ಲದ ಸಲೈನೇ ಬೇಕು, ನಲ್ಲಿ ನೀರು ಸೋಕಲೂಬಾರದು. ಲೆನ್ಸಿಗೂ ಬಗ್ಗದಷ್ಟು ಮುಂದುವರಿದಿದ್ದರೆ ಮಾತ್ರ ರಿಂಗ್ (ಕಾರ್ನಿಯಾ ಒಳಗೆ ಕೂರಿಸುವ ಸಣ್ಣ ಬಳೆ), ಕೊನೆಗೆ ಕಾರ್ನಿಯಾ ಕಸಿ.

ಕಣ್ಣು ಉಜ್ಜೋದನ್ನು ಇವತ್ತೇ ಬಿಡಿ, ಅಲರ್ಜಿ ಇದ್ದರೆ ಮೊದಲು ಅಲರ್ಜಿಗೆ ಡ್ರಾಪ್ಸ್ ತಗೊಳ್ಳಿ. ಕಣ್ಣಿನ ಒತ್ತಡ ನೋಡುವವರಿಗೆ ಲ್ಯಾಸಿಕ್ ಆಗಿದೆ ಅಂತ ತಪ್ಪದೆ ಹೇಳಿ, ತೆಳು ಕಾರ್ನಿಯಾದಲ್ಲಿ ಒತ್ತಡ ಇರೋದಕ್ಕಿಂತ ಕಡಿಮೆ ತೋರಿಸುತ್ತೆ.