ವರ್ಡ್ ಫೈಲಿಗೆ ಬೀಗ ಹಾಕಿದ ಮೇಲೆ ಕೀಲಿಕೈ ಎಲ್ಲಿಡುತ್ತೀರಿ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ, ಕೂಡು ಕುಟುಂಬ. ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಅಪ್ಪ ಜಾಗ ಪಾಲು ಮಾಡುವ ಬಗ್ಗೆ ಉಯಿಲಿನ ಕರಡು ಹೇಳಿ ಬರೆಸಿದ್ದಾರೆ. ಅದನ್ನು ವರ್ಡ್‌ನಲ್ಲಿ ಟೈಪ್ ಮಾಡಿ ಇಟ್ಟಿದ್ದೇನೆ. ಅಣ್ಣನ ಮಕ್ಕಳೂ ಅದೇ ಕಂಪ್ಯೂಟರಿನಲ್ಲಿ ಕೂರುತ್ತಾರೆ. ಯಾರ ಮೇಲೂ ಸಂಶಯ ಇಲ್ಲ. ಆದರೆ ಅಪ್ಪ ಇನ್ನೂ ಬಾಯಿಬಿಡದ ವಿಷಯ ಬೇರೆಯವರ ಕಣ್ಣಿಗೆ ಬೀಳಬಾರದು, ಅಲ್ವಾ? ಆ ಒಂದು ಫೈಲಿಗೆ ಪಾಸ್‌ವರ್ಡ್ ಹಾಕಬಹುದೇ? ಅದು ಎಷ್ಟು ಗಟ್ಟಿ?

ಉತ್ತರ: ಹಾಕಬಹುದು, ಎರಡು ನಿಮಿಷದ ಕೆಲಸ. ಆ ಕಡತವನ್ನು ತೆರೆದು ‘ಫೈಲ್’ ಒತ್ತಿ, ‘ಇನ್ಫೋ’ಗೆ ಹೋಗಿ. ‘ಪ್ರೊಟೆಕ್ಟ್ ಡಾಕ್ಯುಮೆಂಟ್’ ಒತ್ತಿದರೆ ಬರುವ ಪಟ್ಟಿಯಲ್ಲಿ ‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’ ಇದೆ. ಪಾಸ್‌ವರ್ಡನ್ನು ಎರಡು ಸಲ ಕೇಳುತ್ತದೆ. ಕೊಟ್ಟ ಮೇಲೆ ಸೇವ್ ಮಾಡಲೇಬೇಕು, ಇಲ್ಲದಿದ್ದರೆ ಬೀಗ ಬೀಳುವುದಿಲ್ಲ. ಅದೇ ಪಟ್ಟಿಯ ‘ರಿಸ್ಟ್ರಿಕ್ಟ್ ಎಡಿಟಿಂಗ್’ ನಿಮಗೆ ಉಪಯೋಗವಿಲ್ಲ. ಅದು ತಿದ್ದುವುದನ್ನು ತಡೆಯುತ್ತದೆ ಅಷ್ಟೆ, ಓದುವವರು ಓದುತ್ತಾರೆ.

ಇನ್ನು ಗಟ್ಟಿತನ. ಫೈಲಿನ ಹೆಸರು ‘ಡಾಕ್ಸ್’ (.docx) ಎಂದು ಮುಗಿದರೆ ಚಿಂತೆ ಬೇಡ. ವರ್ಡ್ 2016ರಿಂದ ಈಚೆಗೆ ಅದಕ್ಕೆ ಎಇಎಸ್ ಎಂಬ ಗೂಢಲಿಪಿಯ 256 ಬಿಟ್‌ನ ಬೀಗ ಬೀಳುತ್ತದೆ (ಬಿಟ್ ಹೆಚ್ಚಿದಷ್ಟೂ ಬೀಗ ಗಟ್ಟಿ). ಒಂದೊಂದು ಪಾಸ್‌ವರ್ಡ್ ಊಹಿಸಿ ನೋಡುವುದಕ್ಕೂ 1,00,000 ಸುತ್ತು ಲೆಕ್ಕ ಮಾಡಬೇಕಾಗುತ್ತದೆ. ಆದರೆ ಹಳೆಯ ‘ಡಾಕ್’ (.doc) ರೀತಿಯ ಫೈಲಾದರೆ ಹುಷಾರು. ಅದರ ಬೀಗ ಸಾಮಾನ್ಯವಾಗಿ 40 ಬಿಟ್‌ನದು, ಈಗಿನ ಕಂಪ್ಯೂಟರುಗಳಿಗೆ ಅದನ್ನು ಒಡೆಯುವುದು ಕಷ್ಟವೇ ಅಲ್ಲ. ಮೊದಲು ‘ಸೇವ್ ಆ್ಯಸ್’ ಕೊಟ್ಟು ಡಾಕ್ಸ್ ಆಗಿ ಉಳಿಸಿ, ಆಮೇಲೆ ಪಾಸ್‌ವರ್ಡ್ ಹಾಕಿ. ಬೀಗ ಎಷ್ಟೇ ಗಟ್ಟಿ ಇರಲಿ, ನಾಲ್ಕು ಅಂಕೆಯ ಪಾಸ್‌ವರ್ಡ್ ಇಟ್ಟರೆ ಇರುವುದೇ 10,000 ಸಾಧ್ಯತೆ. ಅಪ್ಪನ ಹುಟ್ಟಿದ ವರ್ಷವಂತೂ ಅಣ್ಣನ ಮಕ್ಕಳಿಗೂ ಗೊತ್ತು.

ನನ್ನ ಅನುಭವದಲ್ಲಿ ಮನೆ ಕಂಪ್ಯೂಟರಿನ ಇಂಥ ಬೀಗವನ್ನು ಯಾರೋ ಒಡೆದದ್ದಕ್ಕಿಂತ, ಹಾಕಿದವರೇ ಹೊರಗೆ ಉಳಿದದ್ದು ಜಾಸ್ತಿ. ಪಾಸ್‌ವರ್ಡ್ ಮರೆತರೆ ವರ್ಡ್ ತಯಾರಿಸಿದ ಮೈಕ್ರೋಸಾಫ್ಟ್ ಕಂಪನಿಯೂ ಅದನ್ನು ಹುಡುಕಿ ಕೊಡುವುದಿಲ್ಲ. ಇಮೇಲಿಗೆ ಬರುವ ಹಾಗೆ ‘ಫರ್ಗಾಟ್ ಪಾಸ್‌ವರ್ಡ್’ ಎಂಬ ದಾರಿ ಇಲ್ಲಿಲ್ಲ.

ಕನ್ನಡ ಟೈಪ್ ಮಾಡುವ ನಮಗೆ ಇನ್ನೊಂದು ತೊಂದರೆಯೂ ಇದೆ. ಕುಂಬಳೆ ಕಡೆಯವರೊಬ್ಬರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಿದ್ದರು. ತೋಟದ ಲೆಕ್ಕದ ಫೈಲ್ ತೆರೆಯುತ್ತಿಲ್ಲ, ಪಾಸ್‌ವರ್ಡ್ ಮಾತ್ರ ಚೀಟಿಯಲ್ಲಿ ಸರಿಯಾಗಿ ಬರೆದಿದೆ. ನಾಲ್ಕೈದು ಸಲ ಒತ್ತಿ ನೋಡಿದೆವು, ಆಗಲಿಲ್ಲ. ಕೊನೆಗೆ ವಿಂಡೋಸ್ ಕೀ ಹಿಡಿದು ಸ್ಪೇಸ್ ಬಾರ್ ಒತ್ತಿ ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಬೋರ್ಡಿಗೆ ಬದಲಿಸಿ, ಅವೇ ಕೀಗಳನ್ನು ಒತ್ತಿದಾಗ ಫೈಲ್ ತೆರೆಯಿತು. ಪಾಸ್‌ವರ್ಡ್ ಹಾಕುವಾಗ ಕೀಬೋರ್ಡ್ ಕನ್ನಡದಲ್ಲಿ ಇತ್ತು. ಪರದೆಯ ಮೇಲೆ ಕಾಣುವುದು ಬರೀ ಚುಕ್ಕೆ, ಅವರಿಗೆ ಹೇಗೆ ಗೊತ್ತಾಗಬೇಕು? ಪಾಪ, ಅವರ ಮುಖ ಆಗ ಅರಳಿದ್ದು ಈಗಲೂ ಕಣ್ಣ ಮುಂದೆ ಇದೆ.

ಹಾಗಾಗಿ ಪಾಸ್‌ವರ್ಡನ್ನು ಮೊದಲು ಆ ಪುಟದಲ್ಲೇ ಒಂದು ಖಾಲಿ ಸಾಲಿನಲ್ಲಿ ಟೈಪ್ ಮಾಡಿ ನೋಡಿ. ಇಂಗ್ಲಿಷ್ ಅಕ್ಷರ ಬರುತ್ತಿದೆಯೇ? ಕ್ಯಾಪ್ಸ್ ಲಾಕ್ ಆಫ್ ಇದೆಯೇ? ನೋಡಿಕೊಂಡು ಆ ಸಾಲನ್ನು ಅಳಿಸಿ, ಮತ್ತೆ ಪಾಸ್‌ವರ್ಡ್ ಹಾಕಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಸಾಕು: ಹಲಸು, ಕೊಟ್ಟಿಗೆ, ಚಪ್ಪಲಿ, ಬುಧವಾರ ಎಂಬ ಹಾಗೆ, ಇಂಗ್ಲಿಷ್ ಅಕ್ಷರದಲ್ಲಿ. (ಇವೇ ನಾಲ್ಕನ್ನು ಇಡಬೇಡಿ.) ಕೊಟ್ಟಿಗೆಗೆ ‘ಟಿ’ ಒಂದೋ ಎರಡೋ ಎಂದು ಆರು ತಿಂಗಳ ನಂತರ ನೆನಪಿರುವುದಿಲ್ಲ. ಅಕ್ಷರ ಬಿಡಿಸಿ ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಜಾಗದ ಆಧಾರ ಪತ್ರ ಇಡುವ ಕಪಾಟಿನಲ್ಲೇ ಇಡಿ. ಲಕೋಟೆ ಎಲ್ಲಿದೆ ಎಂದು ಅಪ್ಪನಿಗೂ ತಿಳಿದಿರಲಿ.

ಈ ಫೈಲಿನ ಬೇರೆ ಪ್ರತಿಗಳು ಎಲ್ಲೆಲ್ಲಿವೆ? ಪೆನ್‌ಡ್ರೈವ್, ರೀಸೈಕಲ್ ಬಿನ್, ವಕೀಲರಿಗೆ ಕಳಿಸಿದ ವಾಟ್ಸಾಪ್, ಇಮೇಲ್ ಎಲ್ಲ ನೋಡಿ. ಅವಕ್ಕೆ ಬೀಗ ಇಲ್ಲ. ಇನ್ನು ಮುಂದೆ ಬೀಗ ಹಾಕಿದ್ದನ್ನೇ ಕಳಿಸಿ, ಪಾಸ್‌ವರ್ಡನ್ನು ಫೋನ್ ಮಾಡಿ ಹೇಳಿ. ಫೈಲಿನ ಹೆಸರು ಹೇಗೂ ಎಲ್ಲರಿಗೂ ಕಾಣುತ್ತದೆ, ಅದಕ್ಕೆ ‘ಅಪ್ಪನ ಉಯಿಲು’ ಎಂಬ ಹೆಸರು ಬೇಡ. ಬೀಗ ಇದ್ದರೂ ಫೈಲನ್ನು ಯಾರು ಬೇಕಾದರೂ ಡಿಲೀಟ್ ಮಾಡಬಹುದು. ನಮ್ಮ ಕಡೆಯ ಸಿಡಿಲು ಹಾರ್ಡ್‌ಡಿಸ್ಕನ್ನೂ ಬಿಡುವುದಿಲ್ಲ. ಬೀಗ ಹಾಕಿದ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಕಪಾಟಿನ ಒಳಗೆ ಇರಲಿ.

ಮಕ್ಕಳಿಗೆ ವಿಂಡೋಸ್‌ನಲ್ಲಿ ಬೇರೆ ಅಕೌಂಟ್ ಮಾಡಿಕೊಡಿ, ನಿಮ್ಮದಕ್ಕೂ ಪಾಸ್‌ವರ್ಡ್ ಇಡಿ. ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆಗೆ ‘ಎಲ್’ ಒತ್ತಿದರೆ ಪರದೆ ಲಾಕ್ ಆಗುತ್ತದೆ.

ನೀವು ಕೇಳದಿದ್ದರೂ ಒಂದು ಮಾತು. ಕಂಪ್ಯೂಟರಿನಲ್ಲಿರುವ ಕರಡಿಗೆ ಉಯಿಲಿನ ಬೆಲೆ ಬರುವುದಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಅದಕ್ಕೆ ಅಪ್ಪನ ಸಹಿ ಬೇಕು, ಕಡಿಮೆಯೆಂದರೆ ಇಬ್ಬರು ಸಾಕ್ಷಿಗಳೂ ಸಹಿ ಹಾಕಬೇಕು. ಅಪ್ಪನ ಮನಸ್ಸು ಗಟ್ಟಿಯಾದ ಕೂಡಲೇ ವಕೀಲರನ್ನು ಕಂಡು ಅದನ್ನು ಮುಗಿಸಿಬಿಡಿ.

ಪ್ರಶ್ನೆ: ನಾನು ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಶಾಲೆಯ ಲ್ಯಾಪ್‌ಟಾಪಿನ ಲಿಬ್ರೆ ಆಫೀಸ್‌ನಲ್ಲಿ ಪ್ರಶ್ನೆಪತ್ರಿಕೆ ಮಾಡಿ ಪಾಸ್‌ವರ್ಡ್ ಹಾಕಿದೆ. ಮನೆಯ ವರ್ಡ್‌ನಲ್ಲಿ ತೆರೆಯುತ್ತಿಲ್ಲ. ಏನು ಮಾಡಲಿ?

ಉತ್ತರ: ಫೈಲ್ ಲಿಬ್ರೆ ಆಫೀಸ್‌ನದೇ ಆದ ‘ಒಡಿಟಿ’ (.odt) ರೀತಿಯಲ್ಲಿ ಸೇವ್ ಆಗಿರಬೇಕು ಟೀಚರ್. ಪಾಸ್‌ವರ್ಡ್ ಹಾಕಿದ ಒಡಿಟಿಯನ್ನು ವರ್ಡ್ ಒಪ್ಪುವುದಿಲ್ಲ. ಶಾಲೆಯಲ್ಲೇ ತೆರೆದು ‘ಸೇವ್ ಆ್ಯಸ್’ ಕೊಡಿ. ಫೈಲ್ ಟೈಪ್ ಎಂಬಲ್ಲಿ ವರ್ಡ್‌ನ ಡಾಕ್ಸ್ ಆರಿಸಿ, ‘ಸೇವ್ ವಿತ್ ಪಾಸ್‌ವರ್ಡ್’ಗೆ ಟಿಕ್ ಹಾಕಿ. ಅಥವಾ ಮನೆಯಲ್ಲೂ ಲಿಬ್ರೆ ಆಫೀಸ್ ಹಾಕಿಕೊಳ್ಳಿ. ಅದು ಉಚಿತ, ವಿಂಡೋಸ್‌ನಲ್ಲೂ ಚೆನ್ನಾಗಿ ನಡೆಯುತ್ತದೆ.